ಎರೆಮಣ್ಣಿಗೆ ತಕ್ಕ ಗಾಲಿ

ಆ ವಿಡಿಯೋದಲ್ಲಿ ನನ್ನ ಅಣ್ಣ ನಗುವುದು ಕಾಣುವುದಿಲ್ಲ. ಫೋನು ಹಿಡಿದವನು ಅವನೇ ಆದ್ದರಿಂದ ಕಾಣಲು ಸಾಧ್ಯವೂ ಇಲ್ಲ. ಆದರೂ ಆ ದಿನವನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವನ ಹಲ್ಲು. ಆ ಹಲ್ಲುಗಳನ್ನು ಯಾವ ದಿನದಿಂದ ತಂದು ಅಲ್ಲಿ ಅಂಟಿಸಿದೆನೋ ಗೊತ್ತಿಲ್ಲ. ನೆನಪು ತನಗೆ ಬೇಕಾದ ಸಾಮಾನನ್ನು ಎಲ್ಲಿಂದಲಾದರೂ ಕದ್ದು ತರುತ್ತದೆ. ತರಲಿ. ಅವನ್ನು ನಾನು ತೆಗೆಯುವುದಿಲ್ಲ, ನನ್ನ ಕೆಲಸಕ್ಕೆ ಬಂದಿವೆ.

ನಡೆದದ್ದು ಇಷ್ಟು. ಕಳೆದ ವರ್ಷದ ಮಳೆಗಾಲದಲ್ಲಿ ಅವ್ವ ಹೊಲದ ಹೆಸರುಬೆಳೆ ನೋಡಬೇಕೆಂದಳು. ಮೊಣಕಾಲು ನೋವಿನಿಂದ ಅವಳು ಹೆಚ್ಚು ನಡೆಯಲಾರಳು. ನಾನು ಆಗಷ್ಟೇ ಸೆಕೆಂಡ್ ಹ್ಯಾಂಡ್ ಫೋರ್ ವ್ಹೀಲ್ ಡ್ರೈವ್ ಗಾಡಿ ಕೊಂಡಿದ್ದೆ. ಅದರಲ್ಲಿ ಕೂರಿಸಿಕೊಂಡು ಹೊರಟೆ. ನವಲಗುಂದದ ಕಡೆ ಇರುವ ನಮ್ಮ ಹೊಲಕ್ಕೆ ಡಾಂಬರು ಬಿಟ್ಟ ಮೇಲೆ ಇರುವುದು ಎರೆಮಣ್ಣಿನ ಚಕ್ಕಡಿ ದಾರಿ. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ನಾಲ್ಕೂ ಗಾಲಿ ತಿರುಗುತ್ತಿದ್ದವು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಆ ದಿನ ಹೊಲದಲ್ಲೇ ಇದ್ದ ಅಣ್ಣನಿಗೆ ಫೋನ್ ಮಾಡಿದೆ. ಅವನು ಪಕ್ಕದ ಹೊಲದವರ ಟ್ರ್ಯಾಕ್ಟರ್ ಹತ್ತಿ ಬಂದ. ಸರಪಳಿ ಕಟ್ಟುವ ಮೊದಲು ಫೋನು ತೆಗೆದ.

"ನೋಡ್ರಪಾ, ನಮ್ಮ ತಂಗಿ ನಾಕೂ ಗಾಲಿ ತಿರಗೂ ಗಾಡಿ ತಗೊಂಡಾಳ. ತಿರಗತಾವು, ಖರೇ. ಹೋಗೂದಿಲ್ಲ, ಅಷ್ಟ!"

ಸಂಜೆಯ ಹೊತ್ತಿಗೆ ಅದು ಇಡೀ ಬಳಗದ ಫೋನಿನಲ್ಲಿತ್ತು. ಸೀರೆ ಎತ್ತಿ ಹಿಡಿದು ರಾಡಿಯಲ್ಲಿ ನಿಂತ ಅವ್ವ, ಸ್ಟೇರಿಂಗ್ ಹಿಡಿದು ಕೂತ ನಾನು. ಅಲ್ಲಿಂದ ಮುಂದೆ ಯಾವ ಮದುವೆಗೆ, ಯಾವ ಬಸುರಿಯ ಕುಬುಸಕ್ಕೆ ಹೋದರೂ ಒಬ್ಬರಲ್ಲ ಒಬ್ಬರು ಕೇಳುವರು: "ಯಾಕವಾ, ಟ್ರ್ಯಾಕ್ಟರ್ ಹಿಂದ ಬರಾಕತ್ತೈತೇನ?"

ಸೀಗಿ ಹುಣ್ಣಿಮೆಯಂದು ಹೊಲದಲ್ಲಿ ಚರಗ ಚೆಲ್ಲುವುದು ನಮ್ಮ ಮನೆಯಲ್ಲಿ ಗಂಡಸಿನ ಹಕ್ಕು. ಅಡಿಗೆಯನ್ನು ಭೂಮಿತಾಯಿಗೆ ಎಡೆ ಮಾಡಿ, ಉಳಿದುದನ್ನು ಕಲಸಿ ಒಬ್ಬರು ಹೊಲದ ತುಂಬ ಎರಚುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಮುಂದೆ ನಡೆಯುತ್ತಾರೆ. ಇನ್ನೊಬ್ಬರು ನೀರು ಚಿಮುಕಿಸುತ್ತ "ಸಲಾಂಬ್ರಿಗೋ" ಎಂದು ಓಗೊಡುತ್ತ ಹಿಂದೆ ಬರುತ್ತಾರೆ. ಅಪ್ಪನ ನಂತರ ಮುಂದೆ ನಡೆಯುವವನು ಅಣ್ಣ. ಈ ವರ್ಷ ಅವನಿಗಿಂತ ಮೊದಲು ಹೊಲ ಮುಟ್ಟಿ ನಾನೇ ಚರಗ ಚೆಲ್ಲಬೇಕೆಂದು ನಿಶ್ಚಯಿಸಿದೆ. ಹೆಣ್ಣುಮಕ್ಕಳ ಸಮಾನತೆಗಾಗಿ ಎಂದು ಬರೆದರೆ ಓದುವವರಿಗೆ ಸಂತೋಷವಾದೀತು. ಅದಕ್ಕಾಗಿ ಅಲ್ಲ. ಆ ಹಲ್ಲುಗಳಿಗಾಗಿ.

ಗಾಲಿಯಿಂದಲೇ ಶುರು ಮಾಡಬೇಕಿತ್ತು. ಸಿಕ್ಕಿಬಿದ್ದ ದಿನ ಟ್ರ್ಯಾಕ್ಟರ್ ಬರುವವರೆಗೆ ನನಗೆ ಗಾಲಿ ನೋಡುವುದರ ಹೊರತು ಬೇರೆ ಕೆಲಸವಿರಲಿಲ್ಲ. ಹಳೆಯ ಮಾಲೀಕ ಹಾಕಿಸಿದ್ದ ಅಗಲವಾದ ಟಯರುಗಳವು. ಅವುಗಳ ಸಣ್ಣ ಸಂದುಗಳಲ್ಲೆಲ್ಲ ಎರೆ ತುಂಬಿ, ಗಾಲಿ ಎಣ್ಣೆ ಸವರಿದ ಗಡಿಗೆಯಂತೆ ನುಣ್ಣಗಾಗಿತ್ತು. ಹಿಡಿಯುವುದೇನು, ಜಾರುವುದೊಂದೇ. ಮೆತ್ತಿದ ಮಣ್ಣು ಮೇಲಿನ ಮಡ್‌ಗಾರ್ಡಿಗೂ ಕಚ್ಚಿಕೊಂಡಿತ್ತು. ಮರಳಿಗೆ ಅಗಲ ಒಳ್ಳೆಯದಿರಬಹುದು. ಎರೆಗೆ ಬೇಕಾದದ್ದು ಮೇಲಿನ ಅಂಟನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುವ ಸಪೂರ ಟಯರು. ಅದರ ಮೈಮೇಲೆ ದೂರದೂರಕ್ಕೆ ನಿಂತ ದಪ್ಪ ರಬ್ಬರ್ ಗಡ್ಡೆಗಳಿರಬೇಕು. ಹಾಗಿದ್ದರೆ ತಿರುಗಿದಂತೆಲ್ಲ ಮಣ್ಣು ತಾನೇ ಸಿಡಿದುಹೋಗುತ್ತದೆ.

ಬೆಂಗೇರಿಯ ಟಯರ್ ಅಂಗಡಿಯವನು ಇದನ್ನು ಒಪ್ಪಲಿಲ್ಲ. ಹೊಳೆಯುವ ಅಲಾಯ್ ಗಾಲಿಯೊಂದನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದ.

"ಅಕ್ಕಾರ, ಇದನ್ನ ಹಾಕ್ಸ್ರಿ. ಗಾಡಿ ಪೈಲ್ವಾನ ನಿಂತಂಗ ನಿಂದರತೈತಿ."

"ಎರಿಯೊಳಗ ಪೈಲ್ವಾನ ಲಗೂ ಹುಗೀತಾನ್ರಿ. ಸಪೂರಂದು ತೋರಸ್ರಿ. ಅಲಾಯ್ ಬ್ಯಾಡ, ಕಬ್ಬಿಣದ ಡಿಸ್ಕ್ ಸಾಕು. ಕಲ್ಲಿಗೆ ಬಡದ್ರ ಬಗ್ಗತೈತಿ, ಸೀಳೂದಿಲ್ಲ."

"ಲುಕ್ಕ ಹೋಗತೈತ್ರೀ! ಟ್ರ್ಯಾಕ್ಟರ್‌ಗೆ ಹುಟ್ಟಿದ ಕೂಸಿನಂಗ ಕಾಣತೈತಿ. ಹೊಲಕ್ಕ ಹೋಗಾವ್ರೋ, ಕುಸ್ತಿಗೋ?"

"ಕುಸ್ತಿಗೆ."

"ಯಾರ ಜೋಡಿರಿ?"

"ನಮ್ಮಣ್ಣನ ಜೋಡಿ."

ಅವನು ಅಲಾಯ್ ಗಾಲಿಯನ್ನು ಸುಮ್ಮನೆ ಹಿಂದಕ್ಕೆ ಉರುಳಿಸಿದ. "ಮದಲ ಹೇಳಬಾರದೇನ್ರಿ," ಎಂದ.

ಹೊಸ ಟಯರುಗಳು ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತಿದ್ದವು. ಮಳೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ಸ್ವಲ್ಪ ಯೋಚಿಸಿ ನಿಲ್ಲುತ್ತಿತ್ತು. ಡೀಸೆಲ್ ಹೆಚ್ಚು ಕುಡಿಯುತ್ತಿತ್ತು. ಎಲ್ಲವನ್ನೂ ಸಂತೋಷದಿಂದ ಸಹಿಸಿದೆ. ಸೇಡಿಗೆ ಮೈಲೇಜ್ ಕಡಿಮೆಯೇ.

ಅಷ್ಟರಲ್ಲಿ ಅಣ್ಣನೂ ಒಂದು ಬಿಳಿಯ ಹೊಸ ಗಾಡಿ ಕೊಂಡ. ಅವ್ವ ಇರುವುದು ಬೈರಿದೇವರಕೊಪ್ಪದ ಅವನ ಮನೆಯಲ್ಲಿ. ಅವಳನ್ನು ಕೂರಿಸಿಕೊಂಡು ಕೆಲಗೇರಿಯ ನನ್ನ ಮನೆಗೆ ತೋರಿಸಲು ಬಂದ. ಕಂಪನಿಯ ಗಾಲಿ ಬಿಚ್ಚಿಸಿ ದೊಡ್ಡ ಅಲಾಯ್ ಹಾಕಿಸಿದ್ದ. ಅದರ ಮೇಲೆ ಅಗಲವಾದ, ಬಳೆಯಂತೆ ತೆಳ್ಳಗಿನ ಟಯರು.

"ಹುಣ್ಣಿವಿ ದಿನಾ ಗಾಡೀನ ಹೊಲಕ್ಕ ಒಯ್ದು ಪೂಜಿ ಮಾಡೂದು. ಗಾಲಿ ಹ್ಯಾಂಗ ಅದಾವ?"

ನಾನು ಬಾಗಿ ನೋಡಿದೆ. ಎರೆಯಲ್ಲಿ ಇವು ಎಷ್ಟು ದೂರ ಹೋಗಬಲ್ಲವೆಂದು ಮನಸ್ಸಿನಲ್ಲೇ ಅಳೆದೆ.

"ಛಲೋ ಅದಾವು," ಎಂದೆ.

ಹೋಳಿಗೆಗೂ ಅಷ್ಟು ರುಚಿ ಇರುವುದಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಹಿಂಗಾರಿ ಮಳೆ ಸುರಿಯಿತು. ಬರಲೆಂದು ಬೇಡಿಕೊಂಡಿದ್ದೆ. ಇಲ್ಲ, ಬೇಡಿಕೊಂಡಿರಲಿಲ್ಲ. ಬಂದ ಮೇಲೆ ಬೇಡಿಕೊಂಡಿದ್ದೆ ಅನಿಸಿತು. ಮರುದಿನ ಡಾಂಬರು ಮುಗಿಯುವಲ್ಲಿ ನಾನು ಇಳಿದು, ಮಣ್ಣಿನಲ್ಲಿ ಹಿಡಿತ ಸಿಗಲೆಂದು ಟಯರುಗಳ ಹವಾ ಸ್ವಲ್ಪ ಇಳಿಸಿದೆ. ಅವ್ವನನ್ನೂ ಬುತ್ತಿಯ ಬುಟ್ಟಿಯನ್ನೂ ಕೂರಿಸಿಕೊಂಡ ಅಣ್ಣ ಹಾರ್ನ್ ಬಾರಿಸುತ್ತ ಮುಂದೆ ಹೋದ.

"ಯಾಕ, ಇಲ್ಲೇ ಪಂಕ್ಚರೇನ?"

ಹೋಗಲು ಬಿಟ್ಟೆ. ಹಿಂದೆ ನಿಧಾನವಾಗಿ ಹೊರಟೆ. ಮೊದಲ ತಿರುವು ದಾಟಿದ ಮೇಲೆ ಆ ಬಿಳಿಯ ಗಾಡಿ ಸೊಂಟ ಓರೆ ಮಾಡಿ ನಿಂತಿತ್ತು. ಹೊಳೆಯುವ ಕಡ್ಡಿಗಳ ನಡುವೆಲ್ಲ ಎರೆ ತುಂಬಿ ನಾಲ್ಕು ಕರಿಯ ರೊಟ್ಟಿಗಳಂತಾಗಿದ್ದವು ಗಾಲಿಗಳು. ಅಣ್ಣ ಫೋನಿನಲ್ಲಿ ಟ್ರ್ಯಾಕ್ಟರ್ ಕೇಳುತ್ತಿದ್ದ. ಆ ದಿನ ಯಾರು ಕೊಡುತ್ತಾರೆ? ಎಲ್ಲರೂ ತಮ್ಮ ತಮ್ಮ ಹೊಲದಲ್ಲಿ ಉಣ್ಣುತ್ತಿದ್ದರು.

ಅವ್ವ ಬಾಗಿಲು ತೆರೆದಳು.

"ಇಳೀಬ್ಯಾಡ ಅವ್ವಾ, ತಡಿ, ಬರತೈತಿ."

"ಅದು ಬರೂತನಕ ಹೊತ್ತ ಮುಣಗತೈತಿ. ಚರಗ ಮಧ್ಯಾಹ್ನದಾಗ ಆಗಬೇಕು. ಬುಟ್ಟಿ ಕೊಡ ಇಲ್ಲೆ."

ನಾನು ಇಳಿದು ಅವಳ ಕೈಹಿಡಿದು ತಂದು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿದೆ. ನಂತರ ದಾರಿ ಬಿಟ್ಟು ಬದಿಯ ಬೀಳುನೆಲಕ್ಕೆ ಗಾಡಿ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಸಪೂರ ಟಯರುಗಳು ಮಣ್ಣು ಕಚ್ಚಿದವು, ಉಗುಳಿದವು, ಮತ್ತೆ ಕಚ್ಚಿದವು. ಉಗುಳಿದ್ದೆಲ್ಲ ಅಣ್ಣನ ಬಿಳಿಯ ಬಾಗಿಲಿನ ಮೇಲೆ ಬಿತ್ತು. ಸ್ವಲ್ಪ ದೂರದಿಂದ ಹೋಗಬಹುದಿತ್ತು. ಹೋಗಲಿಲ್ಲ.

"ಅವನ ಅಂಗಿ ಮ್ಯಾಲೂ ಬಿತ್ತ ನೋಡ," ಎಂದಳು ಅವ್ವ. ಅವಳ ದನಿಯಲ್ಲಿ ನಗುವಿತ್ತೆಂದು ನನ್ನ ನೆನಪು. ನನ್ನ ನೆನಪಿನ ಬಗ್ಗೆ ಆಗಲೇ ಹೇಳಿದ್ದೇನೆ.

ಹೊಲದ ಬನ್ನಿಮರದ ಕೆಳಗೆ ಪಾಂಡವರೆಂದು ಇಟ್ಟ ಐದು ಕಲ್ಲುಗಳಿಗೆ ಪೂಜೆಯಾಯಿತು, ಎಡೆಯಾಯಿತು. ಅವ್ವ ಕಡಬು, ಅನ್ನ, ಪುಂಡಿಪಲ್ಯ ಎಲ್ಲ ಕಲಸಿ ಬುಟ್ಟಿಯನ್ನು ನನ್ನ ಕೈಗಿಟ್ಟಳು. ಒಂದು ಗಳಿಗೆ ದಾರಿಯ ಕಡೆ ನೋಡಿದಳು. ಆಮೇಲೆ "ಹೂಂ, ನಡಿ," ಎಂದಳು.

ಬರಿಗಾಲಲ್ಲಿ ಹೊಲಕ್ಕಿಳಿದು ಮೊದಲ ಹಿಡಿ ಎರಚಿ ಕೂಗಿದೆ.

"ಹುಲ್ಲುಲ್ಲಿಗೋ!"

ಯಾರೂ ಓಗೊಡಲಿಲ್ಲ. ಅವ್ವ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು. ಹಿಂದೆ ನಡೆಯಲು ಯಾರೂ ಇರಲಿಲ್ಲ. ಓಗೊಡುವವರಿಲ್ಲದ ಚರಗವನ್ನು ಭೂಮಿ ಒಪ್ಪುವುದಿಲ್ಲ ಎನ್ನುತ್ತಾರೆ. ಇಷ್ಟು ದಿನ ಗಾಲಿಯ ಬಗ್ಗೆ ಯೋಚಿಸಿದವಳು ಇದನ್ನು ಯೋಚಿಸಿರಲಿಲ್ಲ. ಗೆಲುವು ಕೈಯಲ್ಲೇ ಹಳಸತೊಡಗಿತು. ಮತ್ತೊಮ್ಮೆ ಕೂಗಿದೆ, ಸಿಟ್ಟಿನಿಂದ.

"ಸಲಾಂಬ್ರಿಗೋ," ಎಂದಿತು ಏದುಸಿರಿನ ದನಿ.

ಅಣ್ಣ ಒಡ್ಡಿನ ಮೇಲೆ ನಿಂತಿದ್ದ. ಮೊಣಕಾಲಿನವರೆಗೆ ಎರೆ. ಬೂಟು ಬಿಚ್ಚಿಟ್ಟು, ಅವ್ವನ ಮುಂದಿದ್ದ ನೀರಿನ ತಂಬಿಗೆ ಎತ್ತಿಕೊಂಡು ನನ್ನ ಹಿಂದೆ ಬಂದ. ಸೋತು ಬಂದನೋ, ಚರಗ ಕೆಡಬಾರದೆಂದು ಬಂದನೋ. ಕೇಳಲಿಲ್ಲ. ಯಾವ ಉತ್ತರವೂ ನನ್ನ ಖುಷಿಯನ್ನು ಕಡಿಮೆ ಮಾಡುತ್ತಿತ್ತು.

ಹೊಲವನ್ನು ಒಂದು ಸುತ್ತು ಹಾಕಿದರೆ ಸಾಕು. ನಾನು ಮತ್ತೊಂದು ಸುತ್ತಿಗೆ ತಿರುಗಿದೆ. ಹಿಡಿಯಲ್ಲಿ ಅನ್ನ ಕಡಿಮೆ ಮಾಡುತ್ತ, ದನಿ ಹೆಚ್ಚಿಸುತ್ತ, ಹಸಿ ಹೆಚ್ಚಿರುವ ತಗ್ಗಿನ ಕಡೆಯಿಂದಲೇ ನಡೆದೆ. ಪ್ರತಿ ಕೂಗಿಗೂ ಅವನು ಓಗೊಡಲೇಬೇಕಿತ್ತು.

"ಇನ್ನೆಷ್ಟ ಸುತ್ತಸ್ತೀ ತಂಗೀ?"

"ಹುಲ್ಲುಲ್ಲಿಗೋ!"

"...ಸಲಾಂಬ್ರಿಗೋ. ಹಗ್ಗಾ ಐತೇನ ನಿನ್ನ ಗಾಡ್ಯಾಗ?"

"ಐತಿ," ಎಂದೆ, ತಿರುಗಿ ನೋಡದೆ. "ಉಂಡ ಮ್ಯಾಲ ನೋಡೂಣು."