ಮೂರನೆಯ ಸೂಜಿ

ಕಮಲಾಕ್ಷಿಯವರ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವರ ಮೇಲಲ್ಲ, ನಮ್ಮ ಮೇಲೆ. ಬ್ಯಾಂಕು, ಕಾರ್ಖಾನೆ ಎಂದು ವಿಶಾಖಪಟ್ಟಣಕ್ಕೆ ಬಂದು, ತಿಂಗಳ ಸಂಬಳದಲ್ಲಿ ಹಾಯಾಗಿದ್ದ ನಮ್ಮ ಕನ್ನಡ ಸಂಘದ ಮೇಲೆ.

ಕಮಲಾಕ್ಷಿ ತಿಪಟೂರಿನವರು. ಗಂಡ ರಾಮಚಂದ್ರ ಕಾರ್ಖಾನೆಯಲ್ಲಿ ಫೋರ್‌ಮನ್. ಈಕೆ ದ್ವಾರಕಾ ನಗರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಸಂಘದ ಸಭೆಗೆ ಬಂದು, ಹಿಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಮಕ್ಕಳಿಗೆ ಜ್ವರ ಬಂದರೆ ನಮಗೆಲ್ಲ ಅವರ ನೆನಪಾಗುತ್ತಿತ್ತು; ಜ್ವರ ಇಳಿದ ಮೇಲೆ ಅವರನ್ನು ಹಬ್ಬಕ್ಕೆ ಕರೆದವರನ್ನು ನಾನು ಕಂಡಿಲ್ಲ.

ತೊಂಬತ್ತೈದರಲ್ಲಿ ಅವರ ಜೊತೆಯ ನರ್ಸ್ ಪಾರ್ವತಿ ತೀರಿಕೊಂಡರು. ರೋಗಿಗೆ ಚುಚ್ಚಿದ ಸೂಜಿ ಕೈಗೆ ತಗುಲಿ, ಹೆಪಟೈಟಿಸ್ ಬಿ ಹತ್ತಿ, ಲಿವರ್ ಕೆಟ್ಟಿತ್ತು. ಕೊನೆಯವರೆಗೂ ನೋಡಿಕೊಂಡವರು ಕಮಲಾಕ್ಷಿಯೇ. "ಚುಚ್ಕೊಂಡಿದ್ದು ಒಂದು ಕ್ಷಣ, ಸತ್ತಿದ್ದು ಎರಡು ವರ್ಷ" ಎಂದಿದ್ದರು ನಮ್ಮ ಮನೆಯಲ್ಲಿ. ಆ ರೋಗಕ್ಕೆ ಲಸಿಕೆ ಬಂದಿತ್ತು. ಆದರೆ ಸರ್ಕಾರ ಕೊಡುತ್ತಿರಲಿಲ್ಲ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು.

ಮರುವರ್ಷ ಸಂಘದಿಂದಲೇ ಲಸಿಕೆ ಶಿಬಿರ ಮಾಡೋಣವೆಂದು ಅವರು ಕೇಳಿದರು. ಕಾರ್ಯದರ್ಶಿ ಚಂದ್ರಮೌಳಿ, ನನ್ನ ಬ್ಯಾಂಕಿನ ಮ್ಯಾನೇಜರು, ಕೂಡಲೇ ಒಪ್ಪಿ ರಾಜ್ಯೋತ್ಸವದ ದಿನವೇ ಎಂದು ತೀರ್ಮಾನಿಸಿಬಿಟ್ಟರು.

"ಬೇಡಿ ಸಾರ್" ಎಂದರು ಕಮಲಾಕ್ಷಿ. "ಈಗ ಒಂದು, ತಿಂಗಳು ಬಿಟ್ಟು ಇನ್ನೊಂದು, ಆರು ತಿಂಗಳಿಗೆ ಮೂರನೇದು, ಬೂಸ್ಟರು. ನವೆಂಬರಲ್ಲಿ ಶುರು ಮಾಡಿದ್ರೆ ಬೂಸ್ಟರ್ ಮೇ ತಿಂಗಳಿಗೆ ಬೀಳುತ್ತೆ. ಮೇನಲ್ಲಿ ನಿಮ್ಮಲ್ಲಿ ಒಬ್ರಾದ್ರೂ ಈ ಊರಲ್ಲಿರ್ತೀರಾ? ಜನವರಿಗೆ ಇಟ್ಕೊಳ್ಳಿ."

"ರಾಜ್ಯೋತ್ಸವಕ್ಕಾದ್ರೆ ಚೀಫ್ ಗೆಸ್ಟ್ ಬರ್ತಾರಮ್ಮ. ಜನವರಿಗೆ ಯಾರು ಬರ್ತಾರೆ?" ಎಂದು ಚಂದ್ರಮೌಳಿ ನಕ್ಕರು. ನಾವೂ ನಕ್ಕೆವು. ಶಾಲೆಗೆ ರಜೆ ಬಿದ್ದ ಮರುದಿನವೇ ಗಂಟುಮೂಟೆ ಕಟ್ಟಿ ಊರಿಗೆ ಓಡುವ ಜನ ನಾವು. ಅಷ್ಟೂ ಜನಕ್ಕೆ ಬೆರಳು ಮಡಚಿ ತಿಂಗಳು ಎಣಿಸಲು ಬರಲಿಲ್ಲ!

ನವೆಂಬರಿನಲ್ಲಿ ಕಮಲಾಕ್ಷಿಯೂ ಸೇರಿ ಅರವತ್ತು ಜನ ತೋಳು ಕೊಟ್ಟೆವು. ಫೋಟೋ ತೆಗೆಸಿಕೊಂಡೆವು, ಮೈಸೂರು ಪಾಕು ತಿಂದೆವು. ಮೊದಲೆರಡು ಸೂಜಿಗೆ ಔಷಧಿ ಕಂಪನಿಯವರು ಅರ್ಧ ಬೆಲೆ ಬಿಟ್ಟಿದ್ದರು. ಸಾಲಿನ ಕೊನೆಯಲ್ಲಿ ದುರ್ಗಾಂಬ ನಿಂತಿದ್ದಳು. ಕಮಲಾಕ್ಷಿಯವರ ನರ್ಸಿಂಗ್ ಹೋಮಿನ ಆಯಾ. ರಕ್ತದ ಟ್ರೇ, ಬಳಸಿದ ಸೂಜಿ, ಎಲ್ಲ ತೊಳೆಯುವವಳು. ರಿಯಾಯಿತಿ ಸಂಘದವರಿಗೆ ಮಾತ್ರವಲ್ಲವೇ ಎಂದು ಯಾರೋ ಗೊಣಗಿದರು.

"ನಿಮ್ಮಲ್ಲಿ ಯಾರ ಕೈಗೆ ದಿನಾ ರಕ್ತ ಹತ್ತುತ್ತೆ, ಅವರು ಮುಂದೆ ಬನ್ನಿ. ಇವಳನ್ನ ವಾಪಸ್ ಕಳಿಸ್ತೀನಿ" ಎಂದರು ಕಮಲಾಕ್ಷಿ. ಯಾರೂ ಮುಂದೆ ಬರಲಿಲ್ಲ.

ಡಿಸೆಂಬರಿನಲ್ಲಿ ಎರಡನೆಯದೂ ಆಯಿತು. ಮೂರನೆಯದಕ್ಕೆ ರಿಯಾಯಿತಿ ಇರಲಿಲ್ಲ. ಹತ್ತು ಜನರ ಬಾಟಲಿ ತಂದರೆ ಬೆಲೆ ಕೈಗೆಟುಕುವಂತಿತ್ತು. ಒಬ್ಬರಿಗೊಂದು ಬಿಡಿ ಬಾಟಲಿಯಾದರೆ ಹೆಚ್ಚುಕಡಿಮೆ ಎರಡು ಪಟ್ಟು. ಏಪ್ರಿಲ್ ಕೊನೆಯಲ್ಲಿ ಕಮಲಾಕ್ಷಿ ಒಂದು ನೋಟ್‌ಬುಕ್ ಹಿಡಿದು, ಬಿಸಿಲಲ್ಲಿ ಸಿಟಿ ಬಸ್ಸು ಹತ್ತಿ ಇಳಿದು, ನಮ್ಮ ಮನೆಮನೆಗೂ ಬಂದರು. ನಮ್ಮ ಮನೆಗೆ ಬಂದಾಗ ಹಾಲಿನ ತುಂಬ ಸೂಟ್‌ಕೇಸುಗಳಿದ್ದವು.

"ಅರವತ್ತು ಜನರಲ್ಲಿ ಹತ್ತು ಜನ ಸಿಕ್ಕಿದ್ರೆ ಸಾಕು ರಮಾಕಾಂತ್. ದುರ್ಗಾಂಬ ತನ್ನ ಪಾಲಿನ ದುಡ್ಡು ಆಗಲೇ ಕೊಟ್ಟಿದಾಳೆ. ನಾಳೆ ಬೆಳಿಗ್ಗೆ ಬಂದು ಹಾಕಿಸ್ಕೊಂಡು ಹೋಗಿ."

"ಎರಡು ಆಗಿದೆಯಲ್ಲ ಸಿಸ್ಟರ್, ಸಾಕು ಅಂತಾರೆ. ಮೂರನೇದು ಕಂಪನಿಯವರ ವ್ಯಾಪಾರ. ಊರಿಂದ ಬಂದ್ಮೇಲೆ ನೋಡೋಣ" ಎಂದೆ ನಾನು. ಹಾಗೆನ್ನುವವರು ಯಾರು ಎಂದು ಅವರು ಕೇಳಲಿಲ್ಲ. ಹೆಂಡತಿ ವಿಜಯಲಕ್ಷ್ಮೀ ತಂದ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಮರುದಿನ ವಿಜಯವಾಡದಲ್ಲಿ ರೈಲು ಬದಲಿಸುವ ನಡುವೆ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಹತ್ತಿದೆವು. ಕ್ಯೂ ಉದ್ದವಿತ್ತು. ಮಕ್ಕಳೂ ಸೇರಿ ನಾಲ್ವರಿಗೂ ವಿಶೇಷ ದರ್ಶನದ ಟಿಕೆಟು ತೆಗೆದೆ, ಕೆಳಗಿಳಿದು ಹೆಂಡತಿಗೊಂದು ರೇಷ್ಮೆ ಸೀರೆ ಕೊಂಡೆ. ಊರಿಂದ ಬಂದ ಮೇಲೆ ನೋಡೋಣ ಎಂದು ಅಲ್ಲಿ ನನ್ನ ನಾಲಗೆ ಹೇಳಲಿಲ್ಲ. ಜನ ದುಡ್ಡು ಕೊಟ್ಟು ಲಸಿಕೆ ಹಾಕಿಸಿಕೊಳ್ಳುತ್ತಾರೆಯೇ ಎಂದು ಯಾರಾದರೂ ಗಂಭೀರವಾಗಿ ಚರ್ಚಿಸುವಾಗ ನನಗೆ ಮೈ ಉರಿಯುತ್ತದೆ. ದುಡ್ಡಿತ್ತು ಕಣ್ರೀ, ಜೇಬಲ್ಲೇ ಇತ್ತು.

ಜುಲೈನಲ್ಲಿ ಸಂಘದ ವಾರ್ಷಿಕ ಸಭೆ. ಚಂದ್ರಮೌಳಿ ವರದಿ ಓದಿದರು: "ಅರವತ್ತು ಮಂದಿಗೆ ಲಸಿಕೆ ಹಾಕಿಸಿ ಶಿಬಿರವನ್ನು ಯಶಸ್ವಿಯಾಗಿ ಪೂರೈಸಲಾಯಿತು." ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಕಮಲಾಕ್ಷಿ ಎದ್ದು ನಿಂತರು. ಪಕ್ಕದಲ್ಲಿ ದುರ್ಗಾಂಬ ಇದ್ದಳು.

"ಪೂರೈಸಿದ್ದು ಯಾರು ಸಾರ್? ಮೂರನೇದು ಹಾಕಿಸ್ಕೊಂಡೋರು ಕೈ ಎತ್ತಿ, ನೋಡೋಣ."

ಯಾರ ಕೈಯೂ ಏಳಲಿಲ್ಲ. ಊರಿನಲ್ಲಿ ಹಾಕಿಸಿಕೊಂಡೆ ಎಂದು ಸುಳ್ಳು ಹೇಳಲೂ ಯಾರಿಗೂ ಬಾಯಿ ಬರಲಿಲ್ಲ.

"ಚೆಯ್ಯಿ ಎತ್ತು, ದುರ್ಗಾಂಬಾ" ಎಂದರು ಕಮಲಾಕ್ಷಿ ತೆಲುಗಿನಲ್ಲಿ. ಅವಳು ನಾಚುತ್ತಲೇ ಕೈ ಎತ್ತಿದಳು. ಇಡೀ ಹಾಲಿನಲ್ಲಿ ಅದೊಂದೇ ಕೈ. ಕಮಲಾಕ್ಷಿಯವರ ಕೈ ಕೆಳಗೇ ಇತ್ತು.

ಸಭೆ ಮುಗಿದ ಮೇಲೆ ದುರ್ಗಾಂಬಳನ್ನು ಮೆಟ್ಟಿಲ ಬಳಿ ಹಿಡಿದು, ಸಿಸ್ಟರ್ ಯಾಕೆ ಕೈ ಎತ್ತಲಿಲ್ಲ ಎಂದು ಕೇಳಿದೆ. ಅವಳು ತೆಲುಗಿನಲ್ಲಿ ಹೇಳಿದ್ದು ಇಷ್ಟು: ಹತ್ತು ಜನ ಸಿಗಲಿಲ್ಲ. ಸಿಸ್ಟರ್‌ಗಾರು ತಮ್ಮ ದುಡ್ಡನ್ನೂ ಸೇರಿಸಿ ಒಂದೇ ಒಂದು ಬಿಡಿ ಬಾಟಲಿ ತಂದರು. ನನಗೆ ಬೇಡ, ನೀವೇ ಹಾಕಿಸಿಕೊಳ್ಳಿ ಎಂದರೆ ಬೈದು ತೋಳು ಹಿಡಿದು ಚುಚ್ಚಿದರು.

ದಿನವೂ ಸೂಜಿ ಹಿಡಿಯುವವರು, ಗೆಳತಿಯ ಸಾವನ್ನು ಕಣ್ಣಾರೆ ಕಂಡವರು. ನಾನು ಚಂದ್ರಮೌಳಿಯನ್ನು ಬೈಯಬೇಕೆಂದಿದ್ದೆ. ಆದರೆ ಯಾವ ಮುಖ ಇಟ್ಟುಕೊಂಡು?

ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮೊದಲು ನರ್ಸಿಂಗ್ ಹೋಮಿಗೆ ಹೋದೆ. ಕಮಲಾಕ್ಷಿ ಯಾರದೋ ತೋಳಿನಿಂದ ರಕ್ತ ತೆಗೆಯುತ್ತಿದ್ದರು. ಮುಗಿಯುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಕೈ ತೊಳೆದು ಬಂದರು.

"ತಡವಾಗಿ ಹಾಕಿಸ್ಕೊಂಡ್ರೂ ನಡೆಯುತ್ತಾ ಸಿಸ್ಟರ್?"

"ನಡೆಯುತ್ತೆ."

ನಾನು ದುಡ್ಡು ಮುಂದೆ ಹಿಡಿದೆ. ಅವರು ಅದೇ ನೋಟ್‌ಬುಕ್ ತೆರೆದು ಹೊಸ ಹಾಳೆಯಲ್ಲಿ ಮೊದಲು ತಮ್ಮ ಹೆಸರು ಬರೆದರು, ಕೆಳಗೆ ನನ್ನದು.

"ಇನ್ನೂ ಎಂಟು ಜನ ಬೇಕು" ಎಂದರು.