ಕಿಟಕಿಯಿಂದ ಇಳಿದ ಹೊಲ

ಬೀರು, ಮಂಚ, ಹೊಲಿಗೆ ಯಂತ್ರ, ಒಮ್ಮೆ ಒಂದು ಪಿಯಾನೊ, ಹೀಗೆ ಮೆಟ್ಟಿಲಲ್ಲಿ ಹಿಡಿಸದ ಏನೇನನ್ನೋ ಕಿಟಕಿಯಿಂದ ಇಳಿಸಿ ಪಳಗಿದ್ದ ಹಗ್ಗದಕ್ಕನಿಗೆ, ಒಂದು ಪಟ ಇಳಿಸಿಕೊಡಬೇಕೆಂದು ಕರೆ ಬಂದಾಗ ನಗು ಬಂತು.

"ಪಟಾನಾ? ಕಂಕುಳಲ್ಲಿ ಇಟ್ಕೊಂಡು ಇಳಿಯೋಕೆ ಆಗಲ್ವೇನಮ್ಮಾ?"

"ನೀವೇ ಬಂದು ನೋಡಿ. ಆಮೇಲೆ ಕಂಕುಳಿನ ಮಾತಾಡೋಣ," ಎಂದರು ಫೋನಿನ ಆ ಕಡೆಯಿದ್ದ ಟೀಚರಮ್ಮ.

ಹೋಗಿ ನೋಡಿದವಳು ಬಾಗಿಲಲ್ಲೇ ನಿಂತಳು. ನಾಲ್ಕನೇ ಮಹಡಿಯ ಆ ಮುಂಗೋಣೆಯ ಒಂದು ಗೋಡೆ ಪೂರ್ತಿ ಆ ಪಟವೇ. ಇಬ್ಬರು ಕಾಲು ಚಾಚಿ ಮಲಗುವ ಮಂಚಕ್ಕಿಂತ ದೊಡ್ಡದು. ಟೀಚರಮ್ಮನ ತಂದೆ ಹಡಗುಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು. ಕಚೇರಿಯಿಂದ ಬಂದ ಮೇಲೆ ಇದೇ ಕೋಣೆಯಲ್ಲಿ ಮರದ ಚೌಕಟ್ಟು ಬಡಿದು, ಇದೇ ಕೋಣೆಯಲ್ಲಿ ಬಟ್ಟೆ ಬಿಗಿದು, ತಾವು ಹುಟ್ಟಿದ ಊರಿನ ಹೊಲವನ್ನು ಎಣ್ಣೆಬಣ್ಣದಲ್ಲಿ ಬರೆದಿದ್ದರು. ಇದು ಎಂದಾದರೂ ಹೊರಗೆ ಹೋಗಬೇಕಾಗುತ್ತದೆ ಎಂಬ ಯೋಚನೆ ಪುಣ್ಯಾತ್ಮರಿಗೆ ಬಂದಿರಲಿಲ್ಲ. ಈಗ ಕಟ್ಟಡ ಕೆಡವುವವರಿದ್ದರು. ಟೀಚರಮ್ಮ ಊರಿನ ಇನ್ನೊಂದು ತುದಿಯಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದರು.

"ಚೌಕಟ್ಟಿನಿಂದ ಬಿಚ್ಚಿ ಸುತ್ತಿಕೊಂಡು ಹೋಗಬಹುದಲ್ಲ?"

"ಬಣ್ಣ ಎಷ್ಟು ದಪ್ಪ ಇದೆ ನೋಡಿ. ಸುತ್ತಿದ್ರೆ ಒಣಗಿದ ಕೆಸರಿನ ಹಾಗೆ ಉದುರುತ್ತಂತೆ."

ಹಗ್ಗದಕ್ಕ ಹತ್ತಿರ ಹೋದಳು. ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ಹೊಲಗಳು. ಒಂದೊಂದು ಮೆಟ್ಟಿಲಿಗೂ ಮಣ್ಣು ಜಾರದಂತೆ ಕಲ್ಲಿನ ಕಟ್ಟೆ. ಮೇಲೆ ಬೂದುಹಸಿರು ಎಲೆಯ ಆಲಿವ್ ಮರಗಳು, ನಡುವೆ ಸುಣ್ಣ ಬಳಿದ ಮನೆ, ಕೆಳಗೆ ನಿಂಬೆತೋಟ. ಬೀನ್ಸ್ ಸಾಲಿನ ನಡುವೆ ಬಗ್ಗಿ ನಿಂತ ಒಬ್ಬ ಹೆಂಗಸು. ನಿಂಬೆತೋಟ ಮುಗಿದಲ್ಲಿ ನೆಲವೂ ಮುಗಿದು, ಕಡಿದಾದ ಬಂಡೆ, ಅದರ ಬುಡದಲ್ಲಿ ಕಣ್ಣು ಕುಕ್ಕುವ ನೀಲಿ ಸಮುದ್ರ.

ಹಗ್ಗದಕ್ಕನ ಕಣ್ಣು ಆ ಬಂಡೆಯ ಅಂಚಿನಲ್ಲೇ ನಿಂತಿತು. ಅವಳು ಹುಟ್ಟಿದ್ದು ಇಂಥದೇ ಒಂದು ಬಂಡೆಯ ನೆತ್ತಿಯಲ್ಲಿ.

ನೋಡುವವರಿಗೆ ಅದು ಚೆಂದ. ಅವಳಿಗೆ ನೆನಪಿದ್ದದ್ದು ನೀರಿನ ಕೊಡ ಹೊತ್ತು ಹತ್ತಿದ ಮೆಟ್ಟಿಲುಗಳು, ಮೊಣಕಾಲ ನೋವು. ಅಲ್ಲಿಗೆ ರಸ್ತೆಯಿರಲಿಲ್ಲ. ನಿಂಬೆಯನ್ನು ದೊಡ್ಡ ಬುಟ್ಟಿಗಳಿಗೆ ತುಂಬಿ, ಹಗ್ಗ ಕಟ್ಟಿ, ಬಂಡೆಯ ಅಂಚಿನಿಂದ ಕೆಳಗೆ ಕಾಯುವ ದೋಣಿಗೆ ಇಳಿಸುತ್ತಿದ್ದರು. ಅಪ್ಪ ಮರದ ಗೂಟಕ್ಕೆ ಹಗ್ಗ ಸುತ್ತಿ ಸ್ವಲ್ಪಸ್ವಲ್ಪವಾಗಿ ಬಿಡುತ್ತಿದ್ದ. ಅವನ ಬೆನ್ನ ಹಿಂದೆ ಹಗ್ಗದ ಬಾಲ ಸಿಕ್ಕಾಗದಂತೆ ನೋಡಿಕೊಳ್ಳುವುದು ಪುಟ್ಟ ಹುಡುಗಿಯಾಗಿದ್ದ ಇವಳ ಕೆಲಸ. ಗೂಟದ ಹತ್ತಿರ ನಿಂತವನಿಗೆ ಬುಟ್ಟಿ ಕಾಣುವುದಿಲ್ಲ. ಅಂಚಿನಲ್ಲಿ ನಿಂತು ಇಣುಕುವವನ ಮಾತೇ ಅವನಿಗೆ ಕಣ್ಣು. ಒಂದು ದಿನ ಇಣುಕಲು ನಿಂತ ಪಕ್ಕದ ಹೊಲದವನು, ಬುಟ್ಟಿ ಬಂಡೆಯಿಂದ ಹೊರಚಾಚಿದ ಕಲ್ಲಿಗೆ ಸಿಕ್ಕಿ ಕೂತದ್ದನ್ನು ಗಮನಿಸದೆ, "ಸರಿಯಿದೆ, ಬಿಡು ಬಿಡು," ಎಂದ. ಅಪ್ಪ ಬಿಟ್ಟ. ಸಡಿಲ ಹಗ್ಗ ಮಾರುಗಟ್ಟಲೆ ಜೋತುಬಿತ್ತು. ಆಮೇಲೆ ಬುಟ್ಟಿ ಆ ಕಲ್ಲಿನಿಂದ ಜಾರಿತು, ಅಷ್ಟೂ ಉದ್ದ ಬಿದ್ದು ಹಗ್ಗವನ್ನು ಜಗ್ಗಿತು, ಹಗ್ಗ ತುಂಡಾಯಿತು. ಕೆಳಗೆ ದೋಣಿಯಲ್ಲಿ ಅವಳ ಅಣ್ಣನಿದ್ದ. ಜೀವ ಉಳಿಯಿತು, ಮೊಣಕಾಲು ಉಳಿಯಲಿಲ್ಲ. ಇವತ್ತಿಗೂ ಅವನು ಕುಂಟುತ್ತಲೇ ನಡೆಯುತ್ತಾನೆ.

ಮನೆ ಸಾಮಾನು ಸಾಗಿಸುವವನೊಬ್ಬ ಅವಳನ್ನು ಮದುವೆಯಾಗಿ ಪಟ್ಟಣಕ್ಕೆ ಕರೆತಂದ. ಹೆಂಡತಿ ಹಾಕುವ ಗಂಟು ನೋಡಿ, "ನಾನಿನ್ನು ಸಾಮಾನು ಹೊರ್ತೀನಿ, ಹಗ್ಗ ನಿಂದು," ಎಂದು ಅವತ್ತೇ ವಹಿಸಿಬಿಟ್ಟ. ಗಂಡ ಕಾಯಿಲೆಯಿಂದ ತೀರಿಕೊಂಡ ಮೇಲೆ ಅಣ್ಣ ಜೊತೆಗೂಡಿದ. ಅವಳು ಮೇಲೆ, ಅವನು ಕೆಳಗೆ. ಕಿಟಕಿಯಲ್ಲಿ ನಿಂತು ನೋಡಿ ಹೇಳಲು ಒಬ್ಬ ನಂಬಿಕೆಯ ಆಳು.

ಆ ಆಳು ಈಗ ಕೈ ಮುರಿದುಕೊಂಡು ಮನೆಯಲ್ಲಿದ್ದ. ಕಟ್ಟಡ ಕೆಡವುವವರು ಕಾಯುವಂತಿರಲಿಲ್ಲ. ಉಳಿದವನು ಅಳಿಯನೊಬ್ಬನೇ.

ಅಳಿಯ ಬ್ರೆಡ್ ಸುಡುವವನು. ಮಾತು ಬೆಣ್ಣೆ. ಅದೇ ಅವಳಿಗೆ ಆಗದು. ಮಗಳ ಹೆರಿಗೆಯ ದಿನ ಆಸ್ಪತ್ರೆಯಿಂದ ಫೋನು ಮಾಡಿದಾಗೆಲ್ಲ, "ಸರಿಯಿದೆ ಅತ್ತೆ, ಏನೂ ಯೋಚ್ನೆ ಮಾಡ್ಬೇಡಿ," ಎನ್ನುತ್ತಲೇ ಇದ್ದ. ಇವಳು ಹೋಗಿ ನೋಡಿದರೆ ಮಗಳಿಗೆ ರಕ್ತ ನಿಲ್ಲದೆ, ವೈದ್ಯರು ಕೈಚೆಲ್ಲುವ ಹಂತಕ್ಕೆ ಬಂದಿದ್ದರು. ಮಗಳೂ ಮಗುವೂ ಬದುಕಿದರು. ಅಳಿಯನ 'ಸರಿಯಿದೆ' ಮಾತ್ರ ಅವಳ ಪಾಲಿಗೆ ಅಂದೇ ಸತ್ತುಹೋಯಿತು. ಆಮೇಲೆ ಅವನ ಹತ್ತಿರ ಒಂದು ಲೋಟ ನೀರನ್ನೂ ಕೇಳಿದವಳಲ್ಲ.

ಈ ಸಲ ಗತಿಯಿಲ್ಲದೆ ಕೇಳಿದಳು. ಅವನು ತಕ್ಷಣ ಒಪ್ಪಿಕೊಂಡ.

ಬೆಳಿಗ್ಗೆಯೇ ಮುಗಿಯಬೇಕಾಗಿದ್ದ ಕೆಲಸ. ಕಿಟಕಿಯ ಕೆಳಗೆ ಯಾರೋ ಕಾರು ನಿಲ್ಲಿಸಿ ಮಾಯವಾಗಿದ್ದರಿಂದ, ಅವರನ್ನು ಹುಡುಕಿ ತೆಗೆಸುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. "ಮಧ್ಯಾಹ್ನದ ಮೇಲೆ ಈ ಮೂಲೆಯಲ್ಲಿ ಗಾಳಿ ಕೆಟ್ಟದಾಗಿ ಬೀಸುತ್ತೆ," ಎಂದರು ಟೀಚರಮ್ಮ. ಮುಂದೂಡೋಣವೆಂದರೆ ದಿನವಿರಲಿಲ್ಲ.

ಕಿಟಕಿಯ ಕದಗಳನ್ನೂ ಕಂಬಿಗಳನ್ನೂ ಕಿತ್ತು ಬಯಲು ಮಾಡಿದ್ದರು. ಅದರ ಮೇಲೆ ಹಳೆಯ ಕಟ್ಟಡಗಳಲ್ಲಿರುವಂತೆ ಹೊರಚಾಚಿದ ತೊಲೆ, ತೊಲೆಗೆ ರಾಟೆ. ಪಟವನ್ನು ಕಂಬಳಿಯಲ್ಲಿ ಸುತ್ತಿ, ಎರಡು ಪಟ್ಟಿ ಬಿಗಿದು, ಹಗ್ಗವನ್ನು ರಾಟೆಯ ಮೇಲಿಂದ ತಂದು, ಕೋಣೆಯ ನಡುವಿದ್ದ ಕಬ್ಬಿಣದ ಕಂಬಕ್ಕೆ ಮೂರು ಸುತ್ತು ಹಾಕಿ ಹಗ್ಗದಕ್ಕ ನಿಂತಳು. ಪಟ ಗೋಡೆಗೆ ಬಡಿಯದಂತೆ ದೂರ ಎಳೆದಿಡುವ ಇನ್ನೊಂದು ಹಗ್ಗ ಕೆಳಗೆ ಅಣ್ಣನ ಕೈಯಲ್ಲಿ. ಅಳಿಯ ಕಿಟಕಿಯಲ್ಲಿ. ಟೀಚರಮ್ಮ ಖಾಲಿಯಾದ ಗೋಡೆಗೆ ಬೆನ್ನು ಮಾಡಿ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕೂತರು.

"ನೋಡು, ಕಾಣ್ಸಿದ್ದನ್ನ ಹೇಳ್ಬೇಕು. ನಿನ್ನ ಕಣ್ಣೇ ನನ್ನ ಕಣ್ಣು," ಎಂದಳು ಹಗ್ಗದಕ್ಕ.

"ಸರಿ ಅತ್ತೆ."

ಪಟ ಕಿಟಕಿ ದಾಟಿತು. ಹಗ್ಗ ಕಿರುಗುಟ್ಟಿ ಬಿಗಿಯಾಯಿತು. ಅವಳು ಅಂಗೈಯಗಲ, ಅಂಗೈಯಗಲ ಬಿಡುತ್ತ ಹೋದಳು. ಮೂರನೇ ಮಹಡಿ ದಾಟಿತೆಂದ ಅಳಿಯ. ಅಷ್ಟರಲ್ಲಿ ಗಾಳಿ ಬಂತು. ಕೋಣೆಯಲ್ಲಿ ಬಿದ್ದಿದ್ದ ಹಳೆ ಪೇಪರುಗಳು ಎದ್ದು ಗೋಡೆಗೆ ಅಂಟಿಕೊಂಡವು. ಹೊರಗೆ ಕಂಬಳಿ ಪಟಪಟ ಹೊಡೆದುಕೊಂಡ ಸದ್ದು, ರಾಟೆಯ ನರಳಾಟ, ಕೆಳಗೆ ಜನರ ಹೋ ಎಂಬ ಕೂಗು.

"ಏನಾಯ್ತು?"

"ಏನಿಲ್ಲ ಅತ್ತೆ, ಸ್ವಲ್ಪ ತಿರುಗ್ತು. ಸರಿಯಿದೆ. ಬಿಡಿ."

ಅವಳು ಬಿಡಲು ಹೋದಳು. ಕೈಯಲ್ಲಿದ್ದ ಹಗ್ಗ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು. ಭಾರವೇ ಇಲ್ಲ.

"ಹಗ್ಗ ಯಾಕೆ ಹಗುರಾಯ್ತು?"

"ಸ್ವಲ್ಪ ತಾಗಿದೆ ಅಷ್ಟೇ. ಬಿಡಿ, ಜಾರಿಕೊಳ್ಳುತ್ತೆ."

"ಸರಿಯಿದೆ ಅನ್ನೋ ಮಾತು ಇನ್ನೊಂದ್ಸಲ ನಿನ್ನ ಬಾಯಲ್ಲಿ ಬಂದ್ರೆ ನೋಡು!" ಅವಳ ಕೂಗಿಗೆ ಟೀಚರಮ್ಮ ಕುರ್ಚಿಯಿಂದ ಎದ್ದುಬಿಟ್ಟರು. "ಏನು ಕಾಣ್ತಿದೆಯೋ ಅದನ್ನ ಹೇಳು! ಒಳ್ಳೇದಾಗ್ಲಿ, ಕೆಟ್ಟದಾಗ್ಲಿ!"

ಅಳಿಯ ತಿರುಗಿ ನೋಡಿದ. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಆಮೇಲೆ ಮತ್ತೆ ಹೊರಗೆ ಬಗ್ಗಿ, ಬೇರೆಯೇ ದನಿಯಲ್ಲಿ ಹೇಳತೊಡಗಿದ: "ಎರಡನೇ ಮಹಡಿ ಬಾಲ್ಕನಿ ಕಂಬಿ ಮೇಲೆ ಕೂತಿದೆ. ಒಂದು ಮೂಲೆ ಕಂಬಿಯೊಳಗೆ ಸಿಕ್ಕಿದೆ. ಗಾಳಿಗೆ ಅಲ್ಲಾಡ್ತಿದೆ. ಮಾವ... ಮಾವ ಹಗ್ಗನ ಸೊಂಟಕ್ಕೆ ಕಟ್ಕೊಂಡಿದಾರೆ ಅತ್ತೆ. ಸರಿಯಾಗಿ ಅದರ ಕೆಳಗೇ ನಿಂತಿದಾರೆ."

"ಸೊಂಟಕ್ಕಾ? ಯಾವಾಗಿಂದ?"

"ಶುರುವಿನಿಂದ. ಕೈಯಲ್ಲಿ ಶಕ್ತಿ ಸಾಲಲ್ಲ, ಅವಳಿಗೆ ಹೇಳ್ಬೇಡ ಅಂದ್ರು."

ಪಟ ಈಗ ಜಾರಿದರೆ ಸಡಿಲಾದಷ್ಟೂ ಉದ್ದ ಬಿದ್ದು ಜಗ್ಗುತ್ತದೆ. ಮೇಲಿನ ಹಗ್ಗ ತಡೆದರೂ ಸೊಂಟದ ಹಗ್ಗ ಅಣ್ಣನನ್ನು ಗೋಡೆಗೆ ಎಳೆದು ಬಡಿಯುತ್ತದೆ. ತಡೆಯದಿದ್ದರೆ ನೇರ ಅವನ ತಲೆಯ ಮೇಲೆ. ಅವಳು ಕಾಲನ್ನು ಕಂಬದ ಬುಡಕ್ಕೆ ಒತ್ತಿ, ಹಗ್ಗವನ್ನು ವಾಪಸು ಎಳೆದುಕೊಳ್ಳತೊಡಗಿದಳು. ಸಡಿಲು ಹೋಗಿ ಅದು ಮತ್ತೆ ತಂತಿಯಂತಾಗುವವರೆಗೆ ಎಳೆದಳು. ಅಂಗೈ ಉರಿಯಿತು. ಬೆನ್ನ ಮೇಲೆ ಬೆವರು ಹರಿಯಿತು.

"ಅಣ್ಣಂಗೆ ಹೇಳು, ಬಿಚ್ಚು ಅಂತ!"

ಅಳಿಯ ಕಿರುಚಿದ. ಕೆಳಗಿನಿಂದ ಬಂದ ಉತ್ತರ ಅವಳಿಗೂ ಕೇಳಿಸಿತು: "ಬಿಚ್ಚಿದ್ರೆ ಪಟ ಚೂರಾಗುತ್ತೆ ಕಣೋ!" ಹುಟ್ಟು ಮೊಂಡ.

"ಇಲ್ಲಿಂದ ಕೂಗಿದ್ರೆ ಆಗಲ್ಲ ಅತ್ತೆ. ಯಾರಾದ್ರೂ ಆ ಬಾಲ್ಕನಿಗೆ ಹೋಗಿ ಮೂಲೆ ಎತ್ತಬೇಕು. ನಾನು ಹೋಗ್ಲಾ?"

"ಹೋದ್ರೆ ನಂಗೆ ಕಣ್ಣು ಯಾರು?"

"ನಾನಿದೀನಿ," ಎಂದರು ಟೀಚರಮ್ಮ. ಕನ್ನಡಕ ಸರಿಮಾಡಿಕೊಂಡು ಆಗಲೇ ಕಿಟಕಿಗೆ ಬಂದಿದ್ದರು. "ಹೋಗಪ್ಪ, ಓಡು."

ಅವನ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ದಡದಡ ಇಳಿದು ಕರಗಿತು. ಹಗ್ಗದಕ್ಕ ಒಂಟಿಯಾಗಿ ನಿಂತಳು. ಗಾಳಿ ನಿಂತಂತಾಗಿ ಮತ್ತೆ ಹೊಡೆಯುತ್ತಿತ್ತು. ಪ್ರತಿ ಹೊಡೆತಕ್ಕೂ ಹಗ್ಗ ಅಂಗೈಯಲ್ಲಿ ನಡುಗುತ್ತಿತ್ತು.

ಟೀಚರಮ್ಮ ತರಗತಿಯಲ್ಲಿ ಪಾಠ ಓದುವಂತೆ, ದನಿ ಏರಿಸದೆ ಇಳಿಸದೆ ಹೇಳುತ್ತ ಹೋದರು. "ನಿಮ್ಮಣ್ಣ ಇನ್ನೂ ಬಿಚ್ಚಿಲ್ಲ. ಎರಡನೇ ಮಹಡಿ ಬಾಗಿಲು ಬಡೀತಿರೋ ಸದ್ದು. ತೆಗೆದ್ರು. ನಿಮ್ಮಳಿಯ ಬಾಲ್ಕನಿಗೆ ಬಂದ. ಕಣ್ಣು ಮುಚ್ಕೊಂಡಿದಾನೆ."

"ಕಣ್ಣು ಮುಚ್ಕೊಂಡಿದಾನಾ?"

"ಹೂಂ. ಈಗ ತೆಗೆದ. ಕಂಬಿ ಮೇಲಿಂದ ಬಗ್ಗಿ ನಿಮ್ಮಣ್ಣನ್ನ ಬೈತಿದಾನೆ. ಏನಂತ ಹೇಳೋಕೆ ನಂಗೆ ನಾಚಿಕೆ. ನಿಮ್ಮಣ್ಣ ಬಿಚ್ಚಿದ್ರು! ಪಕ್ಕಕ್ಕೆ ಸರಿದ್ರು. ಹಗ್ಗನ ಇಬ್ಬರು ಜನ ದೂರದಿಂದ ಹಿಡ್ಕೊಂಡ್ರು. ಈಗ ಅವನು ಮೂಲೆಗೆ ಭುಜ ಕೊಟ್ಟ. ತಯಾರಾಗಿ."

ಹಗ್ಗದಕ್ಕ ಹಗ್ಗವನ್ನು ಬಿಗಿಹಿಡಿದಳು.

"ಎತ್ತಿದ."

ಭಾರ ಒಮ್ಮೆಗೇ ಬಂದು ಹಗ್ಗಕ್ಕೆ ಜೋತುಬಿತ್ತು. ಕಂಬ ಗಕ್ಕೆಂದಿತು. ಹೊರಗೆ ಪಟ ಗಾಳಿಗೆ ತಿರುಗಿ ಗೋಡೆಗೆ ಬಡಿದ ಸದ್ದು, ಗಾರೆ ಉದುರಿದ ಸದ್ದು, ಮರ ಸೀಳಿದ ಸದ್ದು. ಹಗ್ಗ ಮಾತ್ರ ಒಂದು ಬೆರಳಗಲವೂ ಜಾರಲಿಲ್ಲ.

"ಅವನು?" ಎಂದಳು. "ಹುಡುಗ ಎಲ್ಲಿ?"

"ಬಾಲ್ಕನಿಯಲ್ಲಿ ಕೂತಿದಾನೆ. ಕಂಬಿ ತಬ್ಕೊಂಡು. ಚೆನ್ನಾಗಿದಾನೆ. ಈಗ ಬಿಡಿ, ನಿಧಾನ."

ಅವಳು ಬಿಟ್ಟಳು. ಪಟ ನೆಲ ಮುಟ್ಟಿತು. ಕಂಬದಿಂದ ಕೈ ತೆಗೆಯಲು ಹೋದರೆ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಟೀಚರಮ್ಮನೇ ಬಂದು ಒಂದೊಂದಾಗಿ ಬಿಡಿಸಿದರು.

ಬೀದಿಯಲ್ಲಿ ಕಂಬಳಿ ಬಿಚ್ಚಿ ನೋಡಿದರು. ಚೌಕಟ್ಟಿನ ಒಂದು ಮೂಲೆ ಸೀಳಿತ್ತು. ಸಮುದ್ರದ ನಡುವೆ ಗೇಣುದ್ದ ಹರಿದಿತ್ತು. ಹಗ್ಗದಕ್ಕ ತಲೆ ತಗ್ಗಿಸಿದಳು. ಟೀಚರಮ್ಮ ಹರಿದಲ್ಲಿ ಬೆರಳಾಡಿಸಿ, "ಹೊಲಕ್ಕೇನೂ ಆಗಿಲ್ಲ. ಅಪ್ಪ ಸಮುದ್ರಾನ ಯಾವಾಗ್ಲೂ ಕೊನೇಲಿ ಆತುರಾತುರವಾಗಿ ಬರೀತಿದ್ರು," ಎಂದರು. ಕಣ್ಣು ಮಾತ್ರ ತುಂಬಿತ್ತು.

ಅಣ್ಣನನ್ನು ಹಗ್ಗದಕ್ಕ ಅಲ್ಲೇ, ಜನರ ಎದುರೇ, ನೀರಿಳಿಸಿದಳು. ಅವನು ಕುಂಟುಗಾಲು ಸವರಿಕೊಳ್ಳುತ್ತ ಲಾರಿಯ ಹಿಂದೆ ಅಡಗಿದ.

ಅಳಿಯ ರಸ್ತೆಯಂಚಿನಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ. ಅವಳು ಬಾಟಲಿಯ ನೀರನ್ನು ಅವನ ನೆತ್ತಿಯ ಮೇಲೆ ಸುರಿದಳು.

"ಎತ್ತರ ಅಂದ್ರೆ ಭಯಾನಾ ನಿಂಗೆ?"

"ಚಿಕ್ಕಂದಿನಿಂದ."

"ಮತ್ತೆ ಕಿಟಕಿಗೆ ನಿಲ್ತೀನಿ ಅಂತ ಯಾಕೆ ಕುಣಿದು ಒಪ್ಕೊಂಡೆ?"

"ನೀವು ಕೇಳಿದ್ರಲ್ಲ ಅತ್ತೆ. ಮಗು ಹುಟ್ಟಿದಾಗಿಂದ ನನ್ನನ್ನ ಏನೂ ಕೇಳಿರ್ಲಿಲ್ಲ."

ಅವಳು ಅವನ ಪಕ್ಕದಲ್ಲೇ ನೆಲಕ್ಕೆ ಕೂತಳು. ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಹೊರಬಂತು. "ಅವತ್ತು ಆಸ್ಪತ್ರೆಯಿಂದ ಯಾಕೋ ಹಾಗೆ ಹೇಳ್ದೆ?"

ಅಳಿಯ ಮುಖ ಒರೆಸಿಕೊಂಡ. "ಯಾರಿಗಾದ್ರೂ ಸರಿಯಿದೆ ಅಂತ ಹೇಳ್ತಾ ಇರದಿದ್ರೆ ನಾನೇ ಅಲ್ಲಿ ಬಿದ್ದುಹೋಗ್ತಿದ್ದೆ. ನಿಮಗೆ ಅಂತ ಅಲ್ಲ, ನನಗೇ ಹೇಳ್ಕೊಳ್ತಿದ್ದೆ."

ಹಗ್ಗದಕ್ಕ ತನ್ನ ಸೆರಗಿನಿಂದ ಅವನ ಒದ್ದೆ ತಲೆಯನ್ನು, ಮಗನ ತಲೆ ಒರೆಸುವಂತೆ, ಸ್ವಲ್ಪ ಒರಟಾಗಿಯೇ ಒರೆಸಿದಳು.

ಟೀಚರಮ್ಮನ ತಂಗಿಯ ಮನೆ ನೆಲಮಟ್ಟದ್ದು, ಹಿಂದೊಮ್ಮೆ ಅಂಗಡಿಯಾಗಿದ್ದದ್ದು. ಅಗಲದ ಬಾಗಿಲಿನಿಂದ ಪಟ ಸಲೀಸಾಗಿ ಒಳಗೆ ಹೋಯಿತು. "ನಡುಮನೆಗೆ ಹೊಲ ತಂದಿದ್ದೀಯಲ್ಲೇ, ಇನ್ನು ಉಳುವವರು ಯಾರು?" ಎಂದು ತಂಗಿ ಗೊಣಗಿದಳಂತೆ. ಹರಿದ ಸಮುದ್ರಕ್ಕೆ ಹಿಂದಿನಿಂದ ಬಟ್ಟೆ ಅಂಟಿಸಿದರು. ಸೀಳಿನ ಗುರುತು ಉಳಿಯಿತು.

ಹಗ್ಗದಕ್ಕ ಆಮೇಲೂ ಕೆಲವು ವರ್ಷ ಆ ಕೆಲಸ ಮಾಡಿದಳು. ಅಳಿಯನನ್ನು ಮತ್ತೆಂದೂ ಕಿಟಕಿಯಲ್ಲಿ ನಿಲ್ಲಿಸಲಿಲ್ಲ. ಅವನು ತನ್ನ ಒಲೆಗೆ ಮರಳಿದ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳು ಅವನ ಅಂಗಡಿಯ ಮುಂದೆ ನಿಂತು ಬಿಸಿ ಬ್ರೆಡ್ ಕೇಳಿ ತೆಗೆದುಕೊಳ್ಳುವುದು ಮಾತ್ರ ರೂಢಿಯಾಯಿತು.

ಒಂದು ಸಂಜೆ ಟೀಚರಮ್ಮ ಕರೆದರೆಂದು ಹಗ್ಗದಕ್ಕ, ಅವಳ ಅಣ್ಣ ಇಬ್ಬರೂ ಆ ಮನೆಗೆ ಹೋದರು. ಬಂಡೆಯ ಮಾತನ್ನು ಎಂದೂ ಎತ್ತದ ಅಣ್ಣ ಪಟದ ಮುಂದೆ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ಕೂತ.

"ಆ ಹೆಂಗಸು ಏನು ಮಾಡ್ತಿದಾಳೆ?" ಎಂದ ಕೊನೆಗೆ.

"ಬೀನ್ಸ್ ಕೀಳ್ತಿದಾಳೆ," ಎಂದಳು ಹಗ್ಗದಕ್ಕ.

"ಬೀನ್ಸ್ ಕೀಳೋಳು ಹಾಗೆ ಬಗ್ಗಲ್ಲ. ಕಳೆ ಕೀಳ್ತಿದಾಳೆ."

"ಕಳೆಗೆ ಬುಟ್ಟಿ ಯಾಕೆ ಇಟ್ಕೋತಾಳೆ?"

"ಎಲ್ಲಿದೆ ಬುಟ್ಟಿ? ಅದು ಕಲ್ಲು!"

ಟೀಚರಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಜಗಳ ಮುಗಿಯಲೆಂದು ಕಾಯುತ್ತಿದ್ದರು.