ಮಗಳ ಗಣಿತಕ್ಕೆ ಹೊಣೆ ಯಾರು

ಮಗಳು ಗಣಿತದಲ್ಲಿ ನಪಾಸಾದಾಗ ಶಾಲೆಗೆ ಹೋಗಿ ಅವಳ ಮಾಸ್ತರರನ್ನು ಕೇಳಿದೆ. "ಮನ್ಯಾಗ ನೀವು ಲಕ್ಷ್ಯ ಕೊಡಂಗಿಲ್ರಿ. ಟ್ಯೂಷನ್‌ಗೆ ಹಚ್ರಿ," ಎಂದರು. ಟ್ಯೂಷನ್ ಹೇಳುವವರೂ ಅವರೇ, ದುರ್ಗದಬೈಲಿನ ತಮ್ಮ ಮನೆಯ ಮಹಡಿಯಲ್ಲಿ. ಹಚ್ಚಿದೆ. ಮುಂದಿನ ಪರೀಕ್ಷೆಯಲ್ಲೂ ಅವಳು ನಪಾಸು.

ಈ ಸಲ ಮಹಡಿ ಹತ್ತಿ ಕೇಳಿದೆ. ಮಾಸ್ತರರು ಮರುಕದಿಂದ ತಲೆಯಾಡಿಸಿದರು. "ಏನ್ ಮಾಡೂದ್ರಿ, ಸಾಲ್ಯಾಗ ಪಾಯಾನ ಛಲೋ ಹಾಕಿಲ್ಲ. ಅಲ್ಲಿ ಏನ್ ಕಲಸ್ತಾರೋ ಏನೋ!" ಶಾಲೆಯಲ್ಲಿ ಕಲಿಸುವವರ ಮೇಲೆ ಅವರಿಗಿದ್ದ ಸಿಟ್ಟು ಕಂಡು ನನ್ನದು ಇಳಿದೇ ಹೋಯಿತು.

ಮಗಳು ಟ್ಯೂಷನ್ ಬಿಟ್ಟು ತಾನೇ ಕೂತು ಓದಿ ಪಾಸಾದಳು. ಮರುದಿನ ಓಣಿಯ ತುದಿಯಲ್ಲಿ ಬ್ಯಾನರ್ ಎದ್ದಿತು. ಅದರಲ್ಲಿ ಮಾಸ್ತರರ ಮುಖ ಬಾಗಿಲಷ್ಟು, ನನ್ನ ಮಗಳದು ಅಂಚೆಚೀಟಿಯಷ್ಟು. ಅಂತೂ ಹೊಣೆ ಹೊರುವವರು ಸಿಕ್ಕರು.